ಬಿಎಫ್‌ಸಿಯ 2024-25 ಸೀಸನ್: ದುಡ್ಡು ವಸೂಲ್, ಆದರೆ ಹೊಟ್ಟೆ ತುಂಬಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಆಡಿದ ಈ ಸೀಸನ್‌ಗೆ ಐದಕ್ಕೆ ಮೂರೂವರೆ. ಕಂಠೀರವದಲ್ಲಿ ಕೂತು ಪಂದ್ಯ ನೋಡುವ ಅನುಭವಕ್ಕೆ ಮಾತ್ರ ಅಂಕ ಕೊಡು ಅಂದರೆ ಕಣ್ಣು ಮುಚ್ಚಿಕೊಂಡು ನಾಲ್ಕೂವರೆ ಕೊಡುತ್ತೇನೆ. ತಂಡ ಆಡಿದ ಆಟಕ್ಕೆ ಮಾತ್ರ ಮೂರರ ಮೇಲೆ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಫೈನಲ್‌ವರೆಗೆ ಹೋದ ತಂಡಕ್ಕೆ ಬರೀ ಮೂರಾ ಅಂತ ಕೇಳುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಮುಂದಿನ ಸೀಸನ್‌ಗೆ ಟಿಕೆಟ್ ತಗೊಳ್ಳೋದಾ ಬೇಡವಾ ಅಂತ ಯೋಚನೆ ಮಾಡುತ್ತಿರುವವರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಲೆಕ್ಕ ನೋಡಿದರೆ ಬೈಯುವುದಕ್ಕೆ ಏನೂ ಇಲ್ಲ. 24 ಪಂದ್ಯ, 11 ಗೆಲುವು, 5 ಡ್ರಾ, 8 ಸೋಲು, 38 ಪಾಯಿಂಟ್, ಮೂರನೇ ಸ್ಥಾನ. ಅದರ ಹಿಂದಿನ ಸೀಸನ್‌ನಲ್ಲಿ ನಾವು ಹತ್ತನೇ ಸ್ಥಾನದಲ್ಲಿದ್ದೆವು. ನನ್ನ ದೊಡ್ಡಮ್ಮನ ಮಗ ಪ್ರತಿ ಸಲ ಇದನ್ನೇ ಹಿಡಿದುಕೊಂಡು ಜಗಳಕ್ಕೆ ಬರುತ್ತಾನೆ: "ಹೋದ ವರ್ಷ ಇದೇ ಸ್ಟ್ಯಾಂಡ್‌ನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ ಕಣೋ, ಈಗ ಫೈನಲ್ ಆಡಿದ್ದಾರೆ, ಇನ್ನೂ ಏನು ಬೇಕು ನಿಂಗೆ?" ಅವನ ಮಾತು ಸುಳ್ಳಲ್ಲ. ಆದರೆ ಅದೇ ಪಟ್ಟಿಯನ್ನು ಇನ್ನೊಂದು ಕಡೆಯಿಂದ ನೋಡಿ. ಪಟ್ಟಿಯಲ್ಲಿ ಮೊದಲು ಬಂದು ಲೀಗ್ ಶೀಲ್ಡ್ ಗೆದ್ದ ಮೋಹನ್ ಬಗಾನ್ 56 ಪಾಯಿಂಟ್ ಗಳಿಸಿತು. ನಮಗೂ ಅವರಿಗೂ 18 ಪಾಯಿಂಟ್ ಅಂತರ. ನಾರ್ತ್‌ಈಸ್ಟ್ ಮತ್ತು ಜಮ್ಶೆಡ್‌ಪುರ ತಂಡಗಳಿಗೂ 38 ಪಾಯಿಂಟೇ ಇತ್ತು, ಟೈ ಬಿಡಿಸುವ ನಿಯಮದಲ್ಲಿ ನಾವು ಮೇಲೆ ಬಂದೆವು ಅಷ್ಟೇ. ಮೂರನೇ ಸ್ಥಾನ ಅಂದಾಗ ಮೊದಲ ಸ್ಥಾನದ ಬೆನ್ನಿಗೇ ಇದ್ದೆವು ಅನಿಸುತ್ತದೆ. ಹಾಗೇನೂ ಇರಲಿಲ್ಲ.

ಶುರುವಾತು ಮಾತ್ರ ಎಂಥಾ ಚೆನ್ನಾಗಿತ್ತು! ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ಮೇಲೆ 1-0, ಆ ಗೋಲು ಹೊಡೆದದ್ದು ಚಿಕ್ಕ ಹುಡುಗ ವಿನೀತ್ ವೆಂಕಟೇಶ್. ಆಮೇಲೆ ಹೈದರಾಬಾದ್ ಮೇಲೆ 3-0. ತಿಂಗಳ ಕೊನೆಗೆ ಅದೇ ಮೋಹನ್ ಬಗಾನ್ ನಮ್ಮ ಮನೆಗೆ ಬಂದು 3-0ರಲ್ಲಿ ಸೋತು ಹೋಯಿತು. ಆ ಸಂಜೆ ನಮ್ಮ ಸುನಿಲ್ ಚೆಟ್ರಿ ಪೆನಾಲ್ಟಿ ಹೊಡೆದು ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಆಟಗಾರ ಆದರು. ಮೊದಲ ಐದು ಪಂದ್ಯಗಳಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಗೋಲ್‌ಪೋಸ್ಟ್ ಹತ್ತಿರ ಸುಮ್ನೆ ನಿಂತಿದ್ದರೂ ಎದುರಾಳಿಗಳು ಹೆದರುತ್ತಿದ್ದ ಕಾಲ ಅದು. ಆಗಲೇ ನಾವೆಲ್ಲ ಶೀಲ್ಡ್ ಬಗ್ಗೆ ಮಾತಾಡಲು ಶುರು ಮಾಡಿದ್ದು. ಅಂಥಾ ಆರಂಭ ನೋಡಿದ ಮೇಲೆ ಆಸೆ ಪಡದೆ ಇರುವುದು ಹೇಗೆ?

ಇಡೀ ಸೀಸನ್‌ನಲ್ಲಿ ಒಂದೇ ಪಂದ್ಯ ಮತ್ತೆ ನೋಡಬಹುದು ಅಂದರೆ ನಾನು ಡಿಸೆಂಬರ್ 7ರ ಕೇರಳ ಬ್ಲಾಸ್ಟರ್ಸ್ ಪಂದ್ಯ ಕೇಳುತ್ತೇನೆ. ಬೆಂಗಳೂರಿನಲ್ಲಿ ಅವರ ಅಭಿಮಾನಿಗಳಿಗೇನೂ ಕಮ್ಮಿಯಿಲ್ಲ, ಹಳದಿ ಜೆರ್ಸಿ ಹಾಕಿಕೊಂಡು ಗುಂಪು ಗುಂಪಾಗಿ ಬರುತ್ತಾರೆ, ಅದಕ್ಕೇ ಆ ಪಂದ್ಯಕ್ಕೆ ಕಾವು ಜಾಸ್ತಿ. ಎಂಟನೇ ನಿಮಿಷಕ್ಕೇ ಚೆಟ್ರಿ ಗೋಲು, ಆಮೇಲೆ ರಯಾನ್ ವಿಲಿಯಮ್ಸ್ ಇನ್ನೊಂದು. 2-0. ಎರಡನೇ ಅರ್ಧದಲ್ಲಿ ಅವರು ಎರಡೂ ತೀರಿಸಿಬಿಟ್ಟರು. ನನ್ನ ಪಕ್ಕ ಕೂತಿದ್ದ ಹುಡುಗಿ ಸ್ಕಾರ್ಫ್ ಅನ್ನು ಎರಡೂ ಕೈಯಲ್ಲಿ ಹಿಂಡಿ ಹಿಂಡಿ ಹಗ್ಗ ಮಾಡಿಕೊಂಡಿದ್ದಳು. ವೆಸ್ಟ್ ಬ್ಲಾಕ್‌ನ ನಮ್ಮ ಅಭಿಮಾನಿಗಳ ಡೋಲು ಮಾತ್ರ ನಿಲ್ಲಲಿಲ್ಲ. 73ನೇ ನಿಮಿಷಕ್ಕೆ ಚೆಟ್ರಿ ಮತ್ತೆ ಹೊಡೆದರು. ಅಲ್ಲಿಂದ ಕೊನೆವರೆಗೆ ಯಾರೂ ಕೂರಲೇ ಇಲ್ಲ. 90 ನಿಮಿಷ ಮುಗಿದು, ಇಂಜುರಿ ಟೈಮ್‌ನ ಎಂಟನೇ ನಿಮಿಷದಲ್ಲಿ, ಎಲ್ಲರ ಕಾಲೂ ಸೋತು ಹೋಗಿರುವಾಗ, ನಲವತ್ತು ವರ್ಷದ ಮನುಷ್ಯ ಓಡಿಕೊಂಡು ಹೋಗಿ ಹ್ಯಾಟ್ರಿಕ್ ಮುಗಿಸಿದರು. ಐಎಸ್‌ಎಲ್‌ನಲ್ಲಿ ಇಷ್ಟು ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದವರು ಅದುವರೆಗೆ ಯಾರೂ ಇರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಯಾರೋ ಹಿರಿಯರು, ಪರಿಚಯವೇ ಇಲ್ಲ, ನನ್ನ ಭುಜ ಹಿಡಿದು ಅಲ್ಲಾಡಿಸಿ "ನೋಡಿದೆಯಾ ಮಗಾ, ನೋಡಿದೆಯಾ" ಅನ್ನುತ್ತಲೇ ಇದ್ದರು. ಟಿವಿ ಮುಂದೆ ಕೂತರೆ ಇದು ಸಿಗಲ್ಲ. ಟಿಕೆಟ್ ತಗೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹೋಗದೆ ಇರುವವರಿಗೆ ಸ್ಟೇಡಿಯಂ ಬಗ್ಗೆ ಎರಡು ಮಾತು. ಕಂಠೀರವ ಇರುವುದು ಮೊದಲು ಸಂಪಂಗಿ ಕೆರೆ ಇದ್ದ ಜಾಗದಲ್ಲಿ, ಊರಿನ ನಟ್ಟ ನಡುವೆ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು, ಗಾಡಿ ತರುವ ತಾಪತ್ರಯ ಬೇಡವೇ ಬೇಡ. ಇದು ಅಥ್ಲೆಟಿಕ್ಸ್‌ಗೆ ಮಾಡಿದ ಕ್ರೀಡಾಂಗಣ, ಸುತ್ತಲೂ ಟ್ರ್ಯಾಕ್ ಇದೆ, ಹಾಗಾಗಿ ಆಟ ಸ್ವಲ್ಪ ದೂರದಿಂದಲೇ ನೋಡಬೇಕು. ಗೋಲ್‌ಪೋಸ್ಟ್ ಹಿಂದೆ ಕೂತರೆ ಆ ಕಡೆ ಪೋಸ್ಟ್‌ನಲ್ಲಿ ಏನಾಯಿತು ಅಂತ ಪಕ್ಕದವರ ಮುಖ ನೋಡಿ ತಿಳಿದುಕೊಳ್ಳಬೇಕಾಗುತ್ತದೆ. ಆದ್ದರಿಂದ ಮೊದಲ ಸಲ ಹೋಗುವವರು ಪಶ್ಚಿಮದ ಸ್ಟ್ಯಾಂಡ್ ತಗೊಳ್ಳಿ. ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಇರುವುದು ಅಲ್ಲೇ, 90 ನಿಮಿಷ ಹಾಡು, ಕೂಗು, ಡೋಲು. ಗೆದ್ದ ದಿನ ಆಟಗಾರರು ಬಂದು ಅವರ ಮುಂದೆ ನಿಂತು ಎಲ್ಲರ ಜೊತೆ ತಲೆ ಮೇಲೆ ಕೈ ಎತ್ತಿ ಚಪ್ಪಾಳೆ ಹೊಡೆಯುತ್ತಾರೆ. ಅದು ಮುಗಿಯೋ ತನಕ ಎದ್ದು ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ಸಾಕಷ್ಟು ಜನ ಇರುತ್ತಾರೆ, ನಮ್ಮ ಅಕ್ಕ ತನ್ನ ಮಗಳನ್ನು ಕರೆತಂದಳು, ಆ ಮಗು ಈಗ ಮನೆಯಲ್ಲಿ ಚೆಂಡು ಕಂಡರೆ "ಚೆಟ್ರಿ, ಚೆಟ್ರಿ" ಅನ್ನುತ್ತದೆ.

ಈಗ ಬೇಜಾರಿನ ಭಾಗ. ಜನವರಿ.

ಜನವರಿ 4ರಿಂದ ಫೆಬ್ರವರಿ 1ರವರೆಗೆ ಆರು ಪಂದ್ಯ ಆಡಿ ಗಳಿಸಿದ್ದು ಒಂದೇ ಪಾಯಿಂಟ್, ಅದೂ ಹೈದರಾಬಾದ್ ಜೊತೆ ಡ್ರಾ ಮಾಡಿಕೊಂಡು. ಶೀಲ್ಡ್ ಕೈತಪ್ಪಿದ್ದು ಆ ತಿಂಗಳಲ್ಲಿ. ಕೆಳಗೆ ಒದ್ದಾಡುತ್ತಿದ್ದ ಮೊಹಮ್ಮಡನ್ ತಂಡ ಕಂಠೀರವಕ್ಕೆ ಬಂದು 88ನೇ ನಿಮಿಷದ ಫ್ರೀ ಕಿಕ್‌ನಲ್ಲಿ 1-0ರಿಂದ ಗೆದ್ದು ಹೋಯಿತು. ಆ ಸೀಸನ್‌ನಲ್ಲಿ ಮನೆ ಅಂಗಳದಲ್ಲಿ ನಮಗೆ ಮೊದಲ ಸೋಲು ಅದು. ಹನ್ನೊಂದು ದಿನ ಆದ ಮೇಲೆ ಒಡಿಶಾ ಪಂದ್ಯ. ಬೇಗನೇ 2-0 ಮುಂದೆ ಹೋಗಿ, ನಾವೆಲ್ಲ ಹಾಡು ಹೇಳುತ್ತಿರುವಾಗಲೇ ಎಲ್ಲವನ್ನೂ ಬಿಟ್ಟುಕೊಟ್ಟು 2-3ಕ್ಕೆ ಸೋತೆವು. ಕೆಟ್ಟದಾಗಿ ಆಡಿ ಸೋತರೆ ಒಂದು ಸಮಾಧಾನ ಇರುತ್ತದೆ. ಗೆದ್ದಿದ್ದ ಪಂದ್ಯವನ್ನು ಕಳೆದುಕೊಂಡರೆ ನಿದ್ದೆ ಬರಲ್ಲ.

ನನಗೆ ಈ ಸೀಸನ್ ಪೂರ್ತಿ ಕಾಡಿದ್ದು ಇದೊಂದೇ: ಮುಂದೆ ಹೋದ ಮೇಲೆ ಏನು ಮಾಡಬೇಕು ಅಂತ ಈ ತಂಡಕ್ಕೆ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ವಿರುದ್ಧ 2-0 ಮುಂದಿದ್ದರು, 2-2 ಆಗಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. ಜನವರಿಯಲ್ಲಿ ಒಡಿಶಾ. ಏಪ್ರಿಲ್‌ನಲ್ಲಿ ಫೈನಲ್, ಅದನ್ನು ಮುಂದೆ ಹೇಳುತ್ತೇನೆ. ಕೇರಳ ಪಂದ್ಯದಲ್ಲೂ ಇದೇ ಆಗಿತ್ತು, ಅವತ್ತು ಚೆಟ್ರಿ ಕಾಪಾಡಿದರು ಅಷ್ಟೇ. ಎರಡು ಗೋಲು ಮುಂದೆ ಹೋದ ಕೂಡಲೇ ಮಿಡ್‌ಫೀಲ್ಡ್ ಹಿಂದಕ್ಕೆ ಸರಿಯುತ್ತದೆ, ಡಿಫೆನ್ಸ್ ಬಾಕ್ಸ್ ಒಳಗೆ ಹೋಗಿ ನಿಲ್ಲುತ್ತದೆ, ಚೆಂಡು ಎದುರಾಳಿಯ ಕಾಲಲ್ಲೇ ಇರುತ್ತದೆ. ಸ್ಟ್ಯಾಂಡ್‌ನ ಮೇಲಿನ ಸಾಲಿನಲ್ಲಿ ಕೂತರೆ ಇದು ತುಂಬಾ ಚೆನ್ನಾಗಿ ಕಾಣುತ್ತದೆ, ನೀಲಿ ಅಂಗಿಗಳು ಒಂದೊಂದೇ ಹೆಜ್ಜೆ ಹಿಂದೆ ಹಿಂದೆ ಬರುತ್ತಿರುತ್ತವೆ, ಮಧ್ಯದಲ್ಲಿ ಖಾಲಿ ಜಾಗ ಬೆಳೆಯುತ್ತಾ ಹೋಗುತ್ತದೆ. ಕೋಚ್ ಹೆರಾರ್ಡ್ ಸರಗೋಸ ತಂಡಕ್ಕೆ ಒತ್ತಿ ಆಡುವುದನ್ನು ಕಲಿಸಿದರು, ಅದಕ್ಕೆ ಅವರಿಗೆ ನನ್ನ ಪೂರ್ತಿ ಮೆಚ್ಚುಗೆ ಇದೆ. ಮುಂದಿರುವಾಗಲೂ ಹಾಗೇ ಆಡಿಸಬೇಕಿತ್ತು.

ಊರು ಬಿಟ್ಟು ಹೊರಗೆ ಹೋದಾಗ ಇದು ಇನ್ನೂ ಜಾಸ್ತಿ. ಮನೆಯಲ್ಲಿ 12 ಪಂದ್ಯಗಳಿಂದ 23 ಪಾಯಿಂಟ್, ಹೊರಗೆ 12 ಪಂದ್ಯಗಳಿಂದ 15. ಮನೆಯಲ್ಲಿ ಬಿಟ್ಟ ಗೋಲು 12, ಹೊರಗೆ 19. ಗೋವಾದಲ್ಲಿ 0-3, ಒಡಿಶಾದಲ್ಲಿ 2-4.

ಲೀಗ್‌ನ ಕೊನೆ ಪಂದ್ಯದಲ್ಲಿ ಮುಂಬೈ ಸಿಟಿ ನಮ್ಮಲ್ಲಿಗೆ ಬಂದು 2-0ರಿಂದ ಗೆದ್ದು ಪ್ಲೇ-ಆಫ್ (ಕಪ್‌ಗಾಗಿ ಮೇಲಿನ ಆರು ತಂಡಗಳು ಆಡುವ ಸುತ್ತು) ಸ್ಥಾನ ಖಚಿತ ಮಾಡಿಕೊಂಡಿತು. ಮಾರ್ಚ್ 29ಕ್ಕೆ ಅದೇ ಮುಂಬೈ, ಅದೇ ಕಂಠೀರವ, ನಾಕೌಟ್ ಪಂದ್ಯ. 5-0! ಸುರೇಶ್, ಎಡ್ಗರ್ ಮೆಂಡೆಜ್, ವಿಲಿಯಮ್ಸ್, ಚೆಟ್ರಿ, ಪೆರೇರಾ ಡಯಾಜ್, ಐದು ಜನ ಐದು ಗೋಲು. ಮೂರು ಗೋಲು ಆದ ಮೇಲೂ ಹಿಂದೆ ಸರಿಯಲಿಲ್ಲ, ಮತ್ತೆ ಮತ್ತೆ ನುಗ್ಗಿದರು. ಖುಷಿಯಲ್ಲಿ ಗಂಟಲು ಹೋಯಿತು. ಮೆಟ್ರೋಗೆ ನಡೆದು ಹೋಗುವಾಗ ಅಣ್ಣ ಒಬ್ಬರು ಹೇಳಿದ ಮಾತು ಮನಸ್ಸಿನಲ್ಲೇ ಉಳಿಯಿತು: "ಇಷ್ಟು ಚೆನ್ನಾಗಿ ಆಡೋಕೆ ಬರುತ್ತೆ ಅಂದ್ಮೇಲೆ ಜನವರಿಲಿ ಯಾಕಪ್ಪಾ ಆಡಲಿಲ್ಲ?" ನಮ್ಮ ಅಸಮಾಧಾನ ಪೂರ್ತಿ ಆ ಒಂದು ಪ್ರಶ್ನೆಯಲ್ಲಿದೆ.

ಸೆಮಿಫೈನಲ್ ಗೋವಾ ಮೇಲೆ. ಇಲ್ಲಿ 2-0 ಗೆದ್ದು ಅಲ್ಲಿಗೆ ಹೋದರು, 88ನೇ ನಿಮಿಷಕ್ಕೆ ಗೋವಾ ಎರಡನ್ನೂ ತೀರಿಸಿತು. ಮನೆಯಲ್ಲಿ ಟಿವಿ ಮುಂದೆ ಕೂತಿದ್ದ ನಮ್ಮ ದೊಡ್ಡಪ್ಪ "ಮುಗೀತು ಬಿಡ್ರೋ" ಅಂತ ಎದ್ದೇ ಹೋದರು. ಇಂಜುರಿ ಟೈಮ್‌ನಲ್ಲಿ ಚೆಟ್ರಿ ತಲೆ ಕೊಟ್ಟು ಗೋಲು. ಎರಡೂ ಪಂದ್ಯ ಸೇರಿ ಒಟ್ಟು 3-2. ಕೂಗಾಟ ಕೇಳಿ ದೊಡ್ಡಪ್ಪ ಅಡುಗೆಮನೆಯಿಂದ ಓಡಿ ಬಂದರು.

ಫೈನಲ್ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಎದುರಿಗೆ ಮೋಹನ್ ಬಗಾನ್, ಸ್ಟೇಡಿಯಂ ತುಂಬಾ ಅವರದೇ ಜನ. 49ನೇ ನಿಮಿಷಕ್ಕೆ ಅವರ ಓನ್ ಗೋಲ್‌ನಿಂದ ನಾವು ಮುಂದೆ. ಇನ್ನು ನಲವತ್ತು ನಿಮಿಷ ತಡೆದರೆ ಕಪ್ ನಮ್ಮದು. 72ಕ್ಕೆ ಪೆನಾಲ್ಟಿ, ಅವರ ಕಮಿಂಗ್ಸ್ ಗೋಲು. ಎಕ್ಸ್‌ಟ್ರಾ ಟೈಮ್‌ನಲ್ಲಿ ಅವರ ಮೆಕ್ಲಾರೆನ್ ಇನ್ನೊಂದು ಹೊಡೆದರು. 2-1. ಅವರು ಶೀಲ್ಡ್ ಜೊತೆ ಕಪ್ಪನ್ನೂ ಎತ್ತಿಕೊಂಡರು. ಆ ಊರಿನಲ್ಲಿ ಅಷ್ಟು ಹೊತ್ತು ಎದೆ ಕೊಟ್ಟು ಆಡಿದ್ದಕ್ಕೆ ನಮ್ಮ ಹುಡುಗರ ಮೇಲೆ ನನಗೆ ಅಭಿಮಾನ ಇದೆ. ಆದರೂ ಐಎಸ್‌ಎಲ್‌ನಲ್ಲಿ ನಾಲ್ಕು ಫೈನಲ್ ಆಡಿ ಗೆದ್ದಿದ್ದು ಒಂದೇ, 2019ರಲ್ಲಿ ಮುಂಬೈನಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ಹೊಡೆದ ಹೆಡರ್‌ನಿಂದ. 2018ರಲ್ಲಿ ನಮ್ಮದೇ ಅಂಗಳದಲ್ಲಿ ಚೆನ್ನೈಯಿನ್ ಎದುರು, 2023ರಲ್ಲಿ ಗೋವಾದಲ್ಲಿ ಇದೇ ಮೋಹನ್ ಬಗಾನ್ ಎದುರು, ಈಗ ಮತ್ತೆ. ಇದಾಗಿ ಎರಡು ವಾರ ಕಳೆಯುವ ಮೊದಲೇ ಸೂಪರ್ ಕಪ್‌ನ ಮೊದಲ ಪಂದ್ಯದಲ್ಲೇ ಇಂಟರ್ ಕಾಶಿ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ ಬಂದರು.

ಬೇರೆ ಊರಿನ ಸ್ನೇಹಿತರು ಕೇಳುತ್ತಾರೆ, ರನ್ನರ್ಸ್ ಅಪ್ ಆಗಿದ್ದೀರಿ, ಸಾಲದಾ ಅಂತ. ಸಾಲಲ್ಲ. ಯಾಕೆಂದರೆ ಈ ಕ್ಲಬ್ಬೇ ನಮಗೆ ಆ ರುಚಿ ಹತ್ತಿಸಿದ್ದು. 2013ರಲ್ಲಿ ಹುಟ್ಟಿ ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ ಇದು. 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್. ಫೆಡರೇಷನ್ ಕಪ್, ಸೂಪರ್ ಕಪ್, ಡುರಾಂಡ್ ಕಪ್ ಎಲ್ಲಾ ಬಂದಿವೆ. ಕಂಠೀರವದಲ್ಲಿ ಏಷ್ಯಾದ ದೊಡ್ಡ ತಂಡಗಳ ಎದುರು ಆಡಿದ್ದನ್ನು ನೋಡಿದ ಜನ ನಾವು. ಮೂರನೇ ಸ್ಥಾನಕ್ಕೆ ಪಟಾಕಿ ಹೊಡೆಯಲು ಕೈ ಬರಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಚೆಟ್ರಿ 14 ಗೋಲು ಹೊಡೆದರು, ಆ ಸೀಸನ್‌ನಲ್ಲಿ ಭಾರತೀಯ ಆಟಗಾರರಲ್ಲಿ ಅದೇ ಹೆಚ್ಚು. 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದವರನ್ನು ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡರು, ಅಷ್ಟು ಚೆನ್ನಾಗಿ ಆಡುತ್ತಿದ್ದರು. ಅವರನ್ನು ನೋಡುವುದೇ ಒಂದು ಭಾಗ್ಯ. ಆದರೆ ಕಷ್ಟ ಬಂದಾಗಲೆಲ್ಲ ಎಲ್ಲರೂ ಅವರ ಕಡೆಗೇ ನೋಡುವುದು ಸರಿಯಲ್ಲ, ಅಲ್ವಾ? ವಿನೀತ್‌ನಂಥ ಹುಡುಗರಿಗೆ ಇನ್ನೂ ಹೆಚ್ಚು ಹೊತ್ತು ಆಡಲು ಬಿಡಬೇಕು. ಈ ಊರಿನಲ್ಲಿ ಫುಟ್‌ಬಾಲ್ ಆಡುವ ಹುಡುಗರಿಗೆ ಬರವೇ? ಗೌತಮಪುರದಲ್ಲಿ ಪೆಲೆ ಪ್ರತಿಮೆ ನಿಲ್ಲಿಸಿದ ಊರು ಇದು, 2023ರಲ್ಲಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿದೆ.

ಒಟ್ಟಿನಲ್ಲಿ ಹೋಗಬೇಕಾ ಅಂದರೆ ಖಂಡಿತ ಹೋಗಿ. ಮೊದಲ ಪಂದ್ಯಕ್ಕೆ ಕೇರಳ ಅಥವಾ ಗೋವಾ ಬರುವ ದಿನ ಆರಿಸಿಕೊಳ್ಳಿ. ಆರಂಭಕ್ಕೆ ಒಂದು ಗಂಟೆ ಮೊದಲೇ ಒಳಗಿರಿ, ಸೀಟು ಒರೆಸಲು ಒಂದು ಹಳೇ ಪೇಪರ್ ಇಟ್ಟುಕೊಳ್ಳಿ, ಚಳಿಗಾಲದಲ್ಲಿ ಸ್ವೆಟರ್ ಮರೆಯಬೇಡಿ, ಎರಡನೇ ಅರ್ಧ ಶುರುವಾಗುವ ಹೊತ್ತಿಗೆ ಗಾಳಿ ಕೊರೆಯುತ್ತದೆ. ನಮ್ಮ ಗುಂಪು ಪಶ್ಚಿಮದ ಸ್ಟ್ಯಾಂಡ್‌ನಲ್ಲೇ ಇರುತ್ತದೆ. ಮೂರೂವರೆಯನ್ನು ನಾಲ್ಕೂವರೆ ಮಾಡಲು ನಾನು ರೆಡಿ ಇದ್ದೇನೆ. ಅದಕ್ಕೆ ಕ್ಲಬ್ ಮಾಡಬೇಕಾದ್ದು ಒಂದೇ, 2-0 ಮುಂದಿರುವಾಗ ಮೂರನೇ ಗೋಲಿಗೆ ಓಡುವ ತಂಡ ಕಟ್ಟಲಿ.