ಒಂದೆಲಗದ ಕುಂಡಕ್ಕೆ ತೇವ: ತಟ್ಟೆ, ಯಂತ್ರ, ಮುಚ್ಚಳ, ಮಡಕೆ

ಮಲೆನಾಡಿನಲ್ಲಿ ಒಂದೆಲಗವನ್ನು ಯಾರೂ ಬೆಳೆಸುವುದಿಲ್ಲ. ಬಚ್ಚಲ ನೀರು ಹರಿಯುವಲ್ಲಿ, ಅಡಿಕೆ ತೋಟದ ಕಾಲುವೆಯ ಅಂಚಿನಲ್ಲಿ ಅದು ತಾನಾಗಿ ಹಬ್ಬಿರುತ್ತದೆ. ಅದೇ ಬಳ್ಳಿ ಬೆಂಗಳೂರಿನ ಮೂರನೆಯ ಮಹಡಿಯ ಫ್ಲ್ಯಾಟಿಗೆ ಬಂದರೆ ಜನವರಿಯ ತನಕ ತಕರಾರಿಲ್ಲದೆ ಇರುತ್ತದೆ. ಶಿವರಾತ್ರಿ ಕಳೆದದ್ದೇ ಎಲೆಯ ಅಂಚು ಕಂದಾಗತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ತೊಟ್ಟುಗಳೆಲ್ಲ ಕುಂಡದ ಅಂಚಿಗೆ ಜೋತುಬೀಳುತ್ತವೆ. ಮಣ್ಣಿಗೆ ಬೆರಳು ಹಾಕಿ ನೋಡಿದರೆ ಒದ್ದೆಯೇ ಇರುತ್ತದೆ.

ತಪ್ಪು ಮಣ್ಣಿನದಲ್ಲ, ಗಾಳಿಯದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಬಿಸಿಯಲ್ಲಿ ಗಾಳಿ ಹಿಡಿದುಕೊಳ್ಳಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಶೇ 30ಕ್ಕಿಂತ ಕೆಳಗಿಳಿಯುವುದು ಅಪರೂಪವೇನಲ್ಲ. ಬೇರು ಎಷ್ಟು ನೀರು ಮೇಲಕ್ಕೆ ಕಳುಹಿಸುತ್ತದೆಯೋ ಅದಕ್ಕಿಂತ ಬೇಗ ಎಲೆಯಿಂದ ಅದು ಆರಿಹೋಗುತ್ತದೆ. ಈ ನಷ್ಟವನ್ನು ತಡೆಯಲು ಜನ ಹೇಳುವ ಉಪಾಯಗಳನ್ನೆಲ್ಲ ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಕಿಟಕಿಯ ಪಕ್ಕ, ಎರಡು ಬೇಸಿಗೆ ಮಾಡಿ ನೋಡಿದೆ.

ಮೊದಲು ಮಾಪಕದ ವಿಷಯ. ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ ಡಿಜಿಟಲ್ ಆರ್ದ್ರತಾ ಮಾಪಕಗಳ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಎರಡು ತಂದರೆ ಎರಡೂ ಬೇರೆ ಬೇರೆ ಅಂಕಿ ತೋರಿಸುತ್ತವೆ. ಇದಕ್ಕೆ ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಕೆಸರಿನಷ್ಟು ಗಟ್ಟಿಯಾಗುವ ಹಾಗೆ ನಾಲ್ಕು ಹನಿ ನೀರು ಹಾಕಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಬೇಕು. ಡಬ್ಬಿಯೊಳಗಿನ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಮಾಪಕ 69 ಎಂದರೆ ಮುಂದೆ ಅದು ಹೇಳಿದ್ದಕ್ಕೆಲ್ಲ ಆರು ಸೇರಿಸಿಕೊಂಡರಾಯಿತು. ಈ ಕೆಲಸ ಮಾಡದೆ ಮುಂದಿನ ಯಾವ ಹೋಲಿಕೆಗೂ ಅರ್ಥವಿಲ್ಲ.

ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುವುದು ಎಲ್ಲರೂ ಹೇಳುವ ಮೊದಲ ಮದ್ದು. ಮಾಪಕದ ಅಂಕಿ ಜಿಗಿಯುತ್ತದೆ, ನಿಜ. ಆದರೆ ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಇದ್ದಲ್ಲಿಗೇ ಬಂದಿರುತ್ತದೆ. ಕೊಳವೆಬಾವಿಯ ನೀರಾದರೆ ಎಲೆಯ ಮೇಲೆ ಬಿಳಿ ಚುಕ್ಕೆಗಳು ಮಾತ್ರ ಉಳಿಯುತ್ತವೆ. ಎಲೆಯ ಧೂಳು ತೊಳೆಯಲು ಇದು ಒಳ್ಳೆಯದು, ಅಷ್ಟೇ.

ಬೆಣಚುಕಲ್ಲು ಹಾಸಿ ನೀರು ನಿಲ್ಲಿಸಿದ ತಟ್ಟೆಯ ಮೇಲೆ ಕುಂಡ ಇಡುವ ಉಪಾಯ ನೋಡಲು ಚೆಂದ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಹೊಳಪಿನ ಕಲ್ಲುಗಳು ಚೀಲಗಟ್ಟಲೆ ಸಿಗುತ್ತವೆ. ಎಲೆಗಳ ಮಟ್ಟದಲ್ಲಿ ನನಗೆ ಸಿಕ್ಕ ಲಾಭ ಮೂರು ನಾಲ್ಕು ಅಂಶ. ಫ್ಯಾನ್ ಹಾಕಿದರೆ ಅದೂ ಇಲ್ಲ. ಜೊತೆಗೆ ಸೊಳ್ಳೆಯ ಚಿಂತೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕಾಗಿರುವುದರಿಂದ ವಾರಕ್ಕೊಮ್ಮೆ ಕಲ್ಲುಗಳನ್ನೆಲ್ಲ ತೆಗೆದು ತಿಕ್ಕಿ ತೊಳೆಯಬೇಕು. ಮೂರು ಅಂಶಕ್ಕಾಗಿ ಇಷ್ಟು ಚಾಕರಿ ನನ್ನಿಂದಾಗದು.

ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರದ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ ಇತ್ತು, ಆದರೂ ನ್ಯಾಯವಾಗಿ ಹೇಳಬೇಕೆಂದರೆ ಗಾಳಿಯನ್ನು ನಿಜವಾಗಿ ತೇವ ಮಾಡಿದ್ದು ಇದೊಂದೇ. ಬಾಗಿಲು ಹಾಕಿದ ಚಿಕ್ಕ ಕೋಣೆಯಲ್ಲಿ 30ರ ಆಸುಪಾಸಿನಲ್ಲಿದ್ದ ಅಂಕಿ ಒಂದು ಗಂಟೆಯೊಳಗೆ 50 ದಾಟಿತು. ಬಾಗಿಲು ತೆರೆದರೆ ಆಟ ಮುಗಿಯಿತು. ಹಾಲ್‌ನಲ್ಲಿ ಇಟ್ಟಾಗ ಸೋಫಾದ ಮೇಲೆ ಕುಳಿತವರಿಗೆ ತಂಪೆನಿಸಿತೇ ಹೊರತು ಗಿಡಕ್ಕೇನೂ ದಕ್ಕಲಿಲ್ಲ. ದೊಡ್ಡ ಕಿರಿಕಿರಿ ಬೇರೆಯೇ ಇದೆ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಕಾಯಿಸಿ ಆವಿ ಮಾಡುವುದಿಲ್ಲ, ಅದುರಿಸಿ ಸಣ್ಣ ಹನಿಗಳಾಗಿ ಚಿಮ್ಮಿಸುತ್ತದೆ. ನೀರಿನಲ್ಲಿರುವ ಲವಣವೂ ಹನಿಯ ಜೊತೆ ಹೊರಬಿದ್ದು, ಹನಿ ಆರಿದ ಮೇಲೆ ಬಿಳಿ ಪುಡಿಯಾಗಿ ಟಿ.ವಿ.ಯ ಮೇಲೆ, ಪುಸ್ತಕಗಳ ಮೇಲೆ, ಎಲೆಗಳ ಮೇಲೆ ಕೂರುತ್ತದೆ. ನಮ್ಮ ಗಡಸು ನೀರಿಗೆ ಅದು ಬೆರಳಿನಲ್ಲಿ ಹೆಸರು ಬರೆಯುವಷ್ಟು ದಪ್ಪ. ಶುದ್ಧೀಕರಿಸಿದ ನೀರು ಹಾಕಿದರೆ ಪುಡಿ ಬೀಳುವುದಿಲ್ಲ. ಆದರೆ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದ ಊರಿನಲ್ಲಿ, ಆರ್.ಓ. ನೀರನ್ನು ಲೀಟರುಗಟ್ಟಲೆ ಗಾಳಿಗೆ ತೂರುವುದಕ್ಕೆ ಕೈ ಬರುವುದಿಲ್ಲ. ಆರ್.ಓ. ಯಂತ್ರ ಹೊರಗೆ ಬಿಡುವ ನೀರನ್ನಂತೂ ಇದಕ್ಕೆ ಹಾಕಲೇಬಾರದು, ಅದರಲ್ಲಿ ಲವಣ ಇನ್ನೂ ಹೆಚ್ಚು.

ಇದರ ಎದುರು ಕಾಸಿನ ಖರ್ಚಿಲ್ಲದ ಮುಚ್ಚಳ. ಐದು ಲೀಟರಿನ ಪಾರದರ್ಶಕ ನೀರಿನ ಕ್ಯಾನಿನ ತಳ ಕತ್ತರಿಸಿ ಕುಂಡದ ಮೇಲೆ ಬೋರಲು ಹಾಕಿದರೆ ಒಳಗಿನ ಅಂಕಿ 85 ದಾಟಿ, ಗೋಡೆಯಲ್ಲೆಲ್ಲ ನೀರಹನಿ ಕಟ್ಟುತ್ತದೆ. ಊರಿಂದ ತಂದ ಬಳ್ಳಿಯ ತುಂಡುಗಳು ಬೇರು ಬಿಡುವ ತನಕ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರೂರುವುದು ಈ ಗಿಡದ ಗುಣ. ಬೆಳೆದ ಗಿಡಕ್ಕೆ ಮಾತ್ರ ಇದು ಸೆರೆವಾಸ. ನೇರ ಬಿಸಿಲು ಬಿದ್ದರೆ ಒಳಗೆ ಬೇಯುತ್ತದೆ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹೊಸ ಎಲೆ ಬಂದ ಮೇಲೆ ಬಿರಡೆ ತೆಗೆದು, ಆಮೇಲೆ ಕ್ಯಾನನ್ನು ಸ್ವಲ್ಪಸ್ವಲ್ಪವೇ ಎತ್ತುತ್ತ ಹೊರಗಿನ ಗಾಳಿಗೆ ಒಗ್ಗಿಸಬೇಕು.

ನನ್ನ ಮನೆಯಲ್ಲಿ ಕೊನೆಗೆ ಉಳಿದದ್ದು ಮಡಕೆಯೊಳಗಿನ ಮಡಕೆ. ಅಗಲ ಬಾಯಿಯ ದೊಡ್ಡ ಮಣ್ಣಿನ ಕುಂಡ, ಅದರೊಳಗೆ ಚಿಕ್ಕದು, ನಡುವಿನ ಎರಡು ಬೆರಳಿನ ಸಂದಿಯಲ್ಲಿ ಮರಳು. ಪಾಟರಿ ಟೌನ್‌ನಲ್ಲಿ ಕೆಂಪು ಬಣ್ಣ ಬಳಿದ ಜೋಡಿಯೊಂದನ್ನು ಎತ್ತಿಕೊಂಡಾಗ ಅಂಗಡಿಯಾಕೆ ನನ್ನ ಕೈಯಿಂದಲೇ ಅದನ್ನು ತೆಗೆದಿಟ್ಟರು. "ಅದು ಬೇಡಣ್ಣ, ಬಣ್ಣ ಹಚ್ಚಿದ್ದು ಬೆವರುವುದಿಲ್ಲ." ಬಣ್ಣವಿಲ್ಲದ ಮಡಕೆಯ ಮೈಯಿಂದ ಮರಳಿನ ನೀರು ಹೊರಕ್ಕೆ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಮಣ್ಣಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ಇದರ ಕೆಲಸ ಜೋರು. ಎಲೆಗಳ ನಡುವಿನ ಆರ್ದ್ರತೆ ಎಂಟು ಹತ್ತು ಅಂಶ ಏರಿತು. ಯಂತ್ರದ ಎದುರು ಅದು ಸಣ್ಣ ಅಂಕಿ. ಆದರೂ ಮಧ್ಯಾಹ್ನ ಜೋತುಬೀಳದೆ ನಿಂತದ್ದು ಈ ಕುಂಡದ ಗಿಡವೇ. ಜೌಗಿನಲ್ಲಿ ಹುಟ್ಟಿ ಬೆಳೆಯುವ ಸಸ್ಯಕ್ಕೆ ಬೇರು ತಂಪಾಗಿ ಒದ್ದೆಯಾಗಿದ್ದರೆ ಮೇಲಿನ ಒಣಗಾಳಿಯನ್ನು ಅದು ಬಹುಮಟ್ಟಿಗೆ ತಾನೇ ನಿಭಾಯಿಸುತ್ತದೆ ಎಂಬುದು ಇದರಿಂದ ನಾನು ತಿಳಿದದ್ದು. ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ, ಮಾಮೂಲಿ ನೀರನ್ನು ಮರಳಿಗೆ ಹಾಕಿದರೆ ಆ ದಿನದ ಆರೈಕೆ ಮುಗಿಯಿತು. ಕೊರತೆಯೆಂದರೆ ಭಾರ, ಮತ್ತು ಮಡಕೆಯ ಹೊರಮೈಯಲ್ಲಿ ಕಟ್ಟುವ ಬಿಳಿ ಲವಣ. ತೆಂಗಿನ ನಾರಿನಿಂದ ಆಗಾಗ ಉಜ್ಜದಿದ್ದರೆ ರಂಧ್ರ ಕಟ್ಟಿಕೊಂಡು ಬೆವರುವುದು ನಿಲ್ಲುತ್ತದೆ.

ಜಾಗದ ಆಯ್ಕೆಯೂ ಒಂದು ಉಪಾಯವೇ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಒದ್ದೆ ನೆಲ, ಎಲ್ಲ ಸೇರಿ ಹಾಲ್‌ಗಿಂತ ಗಾಳಿ ಯಾವಾಗಲೂ ತುಸು ತೇವವೇ. ಅಲ್ಲಿ ಪೂರ್ವದ ಬೆಳಕು ಬರುವಂತಿದ್ದರೆ ಮಡಕೆಯನ್ನು ಅಲ್ಲೇ ಇಡಿ. ಹಗಲಿಡೀ ಎ.ಸಿ. ಓಡುವ ಮುಚ್ಚಿದ ಕೋಣೆಯಲ್ಲೇ ಗಿಡ ಇಡಬೇಕಾದವರಿಗೆ ಮಾತ್ರ ಯಂತ್ರ ಕೊಳ್ಳಿ ಎನ್ನುತ್ತೇನೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮರಳಿಗೆ ನೀರು ಹಾಕುವುದನ್ನು ನಿಲ್ಲಿಸಬೇಕು. ಪುದೀನಕ್ಕೂ ಇದೇ ಕ್ರಮ ಹೊಂದುತ್ತದೆ. ದೊಡ್ಡಪತ್ರೆ, ರೋಸ್‌ಮರಿ ಇಟ್ಟುಕೊಂಡವರು ಮಾತ್ರ ಇದ್ಯಾವುದಕ್ಕೂ ಕೈ ಹಾಕಬೇಡಿ. ದೊಡ್ಡಪತ್ರೆಯ ದಪ್ಪ ಎಲೆಯಲ್ಲಿ ನೀರಿನ ದಾಸ್ತಾನು ಇರುತ್ತದೆ, ರೋಸ್‌ಮರಿ ಒಣಬೇಸಿಗೆಯ ಸೀಮೆಯದು. ಎರಡೂ ಸಾಯುವುದು ನೀರು ಹೆಚ್ಚಾಗಿಯೇ.