ಕೌಲ್‌ಬಜಾರಿನಿಂದ ಕಚೇರಿಗೆ: ಸೈಕಲ್, ಬಸ್, ನಡಿಗೆ

ಕೌಲ್‌ಬಜಾರಿನ ಮನೆಯಿಂದ ಗಡಿಗಿ ಚೆನ್ನಪ್ಪ ವೃತ್ತದ ಆಚೆಗಿರುವ ಕಚೇರಿಗೆ ಹೋಗಿಬರಲು ಮೂರನ್ನೂ ಬಳಸಿ ನೋಡಿದ್ದೇನೆ. ಸೈಕಲ್ಲೇ ಮೇಲು. ಕಳೆದ ದೀಪಾವಳಿಗೆ ಕೊಂಡ, ಗೇರ್ ಇಲ್ಲದ, ಮುಂದೆ ಬುಟ್ಟಿ ಇರುವ ಸಾದಾ ಸೈಕಲ್ ಅದು. ಬಳ್ಳಾರಿ ಗುಡ್ಡಗಳ ಊರೆನಿಸಿದರೂ ರಸ್ತೆಗಳು ಬಹುಮಟ್ಟಿಗೆ ಸಮತಟ್ಟು. ತುಳಿಯುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಖರ್ಚಿನ ಮಾತಿಗೆ ಬಂದರೆ ಬಸ್ಸೇ ಗೆಲ್ಲಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಆದರೆ ನನ್ನ ನಿಲ್ದಾಣದಲ್ಲಿ ನೆರಳಿಲ್ಲ, ಬಸ್ ಎಷ್ಟು ಹೊತ್ತಿಗೆ ಬರುತ್ತದೆಂಬ ಫಲಕವೂ ಇಲ್ಲ. ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ನಿಂತು ಕಾಯುವುದಕ್ಕಿಂತ ಗಾಳಿಗೆ ಮುಖವೊಡ್ಡಿ ಸೈಕಲ್ ತುಳಿಯುವುದೇ ತಂಪು. ಹುಬ್ಬಳ್ಳಿ-ಧಾರವಾಡದಂತೆ ಬಸ್ಸಿಗೇ ಬೇರೆ ಪಥ ನಮಗೆ ಬೇಡ; ಒಂದು ಚಾವಣಿ, ಒಂದು ವೇಳಾಪಟ್ಟಿ ಸಾಕು.

ನಡಿಗೆ ನನಗೆ ಸಂಜೆಯ ಸಂತೆಗೆ ಮಾತ್ರ. ಪಾದಚಾರಿ ಮಾರ್ಗದ ಅಂಚುಕಲ್ಲು 150 ಮಿಲಿಮೀಟರಿಗಿಂತ ಎತ್ತರವಿರಬಾರದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನನ್ನ ದಾರಿಯಲ್ಲಿ ಅದು ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ, ಅಂಗಡಿ ಅಂಗಡಿಗೂ ಇಳಿದು ಹತ್ತಬೇಕು. ಮಂಡಿನೋವಿನ ನಮ್ಮ ಅಮ್ಮ ರಸ್ತೆಯಲ್ಲೇ ನಡೆಯುತ್ತಾರೆ.

ಇನ್ನು ಸೈಕಲ್ಲಿನ ಒಂದೇ ಒಂದು ತೊಡಕು: ಚರಂಡಿಯ ಕಬ್ಬಿಣದ ಜಾಲರಿ. ಲಾರಿ, ಆಟೊಗಳಿಗೆ ದಾರಿ ಬಿಟ್ಟು ಎಡಕ್ಕೆ ಸರಿದರೆ ಗಾಲಿಯ ಕೆಳಗೆ ಬರುವುದೇ ಅದು. ಅದರ ಸರಳುಗಳು ರಸ್ತೆ ಸಾಗುವ ದಿಕ್ಕಿಗೇ ಉದ್ದುದ್ದ ಇವೆ. ಎರಡು ಸರಳಿನ ನಡುವೆ ಎರಡು ಬೆರಳು ಸಲೀಸಾಗಿ ಇಳಿಯುತ್ತವೆ, ಸೈಕಲ್ಲಿನ ಟಯರೂ ಇಳಿಯುತ್ತದೆ. ಬೈಕಿನ ದಪ್ಪ ಟಯರಿಗೆ ಅದು ಲೆಕ್ಕಕ್ಕೇ ಇಲ್ಲ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಮುಂದಿನ ಗಾಲಿ ಹೀಗೆ ಸಿಕ್ಕಿಕೊಂಡು ರಿಮ್ ಸೊಟ್ಟಗಾಯಿತು. ಬುಟ್ಟಿಯಲ್ಲಿದ್ದ ಊಟದ ಡಬ್ಬಿ ರಸ್ತೆಗೆ ಹಾರಿತು. ಹಿಂದೆ ವಾಹನವಿರಲಿಲ್ಲವಾದ್ದರಿಂದ ಅಂಗೈ ತರಚಿದ್ದಷ್ಟೇ. ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಸೊಟ್ಟು ತೆಗೆದ ಸೈಕಲ್ ಅಂಗಡಿಯವರು, “ಸರಳು ಅಡ್ಡಡ್ಡ ಇದ್ದಿದ್ದರೆ ಈ ರಿಪೇರಿ ನನ್ನ ತನಕ ಬರುತ್ತಲೇ ಇರಲಿಲ್ಲ ಅಕ್ಕ” ಎಂದರು. ನಿಜವಾದ ಮಾತು. ಚೌಕದ ಜಾಲರಿಯನ್ನು ಎತ್ತಿ ತಿರುಗಿಸಿಟ್ಟರೆ ಕೆಲಸ ಮುಗಿಯಿತು. ಉದ್ದನೆಯದಾದರೆ ಮೇಲೆ ನಾಲ್ಕು ಅಡ್ಡಪಟ್ಟಿ ಬೆಸುಗೆ ಹಾಕಬೇಕು. ಹೊಸ ರಸ್ತೆಯಲ್ಲಾದರೆ ಮಳೆನೀರಿನ ಬಾಯಿಯನ್ನು ಅಂಚುಕಲ್ಲಿನ ಮಗ್ಗುಲಲ್ಲೇ ಬಿಡಬಹುದು, ಆಗ ಗಾಲಿಯ ದಾರಿಗೆ ಜಾಲರಿಯೇ ಬರುವುದಿಲ್ಲ. ಇದನ್ನು ಸರಿಪಡಿಸದೆ ಹಸಿರು ಬಣ್ಣ ಬಳಿದು ಸೈಕಲ್ ಪಥವೆಂದು ಕರೆದರೆ, ಜನರನ್ನು ನೇರವಾಗಿ ಆ ಸರಳುಗಳ ಮೇಲೆ ಕಳಿಸಿದಂತೆಯೇ.

ಧೂಳಿಗೆ ಮೂಗಿಗೊಂದು ಬಟ್ಟೆ ಸಾಕು. ದುರ್ಗಮ್ಮ ಗುಡಿಯ ಬಳಿಯ ರೈಲ್ವೆ ಕೆಳಸೇತುವೆಯಲ್ಲಿ ಮಳೆನೀರು ನಿಂತ ದಿನ ಮೂರೂ ಒಂದೇ.

ಮನೆ, ಕಚೇರಿ ಎರಡೂ ಊರೊಳಗೇ ಇದ್ದು, ನನ್ನ ಹಾಗೆ ಒಂಬತ್ತಕ್ಕೇ ಹೊರಡುವ ಅಭ್ಯಾಸವಿದ್ದರೆ ಸೈಕಲ್ ಕೊಳ್ಳಿ. ತೆಳು ಟಯರಿನ ರೇಸಿಂಗ್ ಮಾದರಿ ಬೇಡ, ದಪ್ಪ ಟಯರಿನದನ್ನೇ ನೋಡಿ. ಊರಾಚೆಯ ಬಡಾವಣೆಯಿಂದ ಬರುವವರು ಬಸ್ ಬಿಡಬೇಡಿ.