ಇಮಿಗ್ರೇಶನ್ ಲಾಯರ್ ಆಫೀಸು ಬೆಳೆದರೆ ಕ್ಲೈಂಟ್‌ಗೆ ಏನಾಗುತ್ತೆ? 2014ರಿಂದ ನೋಡುತ್ತಿರುವವಳ ವಿಮರ್ಶೆ

ನ್ಯೂಜೆರ್ಸಿಯಲ್ಲಿ 25 ಜನರ ಒಳಗಿನ ಒಂದು ಐಟಿ ಕಂಪನಿಯಲ್ಲಿ ಎಚ್‌ಆರ್ ಕೆಲಸ ನನ್ನದು. ಚಿಕ್ಕ ಕಂಪನಿಯಲ್ಲಿ ಎಚ್‌ಆರ್ ಅಂದರೆ ವೀಸಾ ಫೈಲುಗಳೂ ಅವರ ತಲೆಗೇ ಬರುತ್ತವೆ. ಎಚ್-1ಬಿ (ಕೆಲಸದ ವೀಸಾ) ಎಕ್ಸ್‌ಟೆನ್ಶನ್, ಗ್ರೀನ್ ಕಾರ್ಡಿಗೆ ಪರ್ಮ್ (ಜಾಹೀರಾತು ಕೊಟ್ಟರೂ ಇಲ್ಲಿಯವರು ಸಿಗಲಿಲ್ಲ ಅಂತ ತೋರಿಸಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಒಪ್ಪಿಗೆ), ಐ-140 (ನೌಕರನ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ), ಎಲ್ಲಕ್ಕೂ 2014ರಿಂದ ನಮಗೆ ಒಂದೇ ಲಾಯರ್ ಆಫೀಸು. ನಮ್ಮ ಮನೆಯ ಗ್ರೀನ್ ಕಾರ್ಡ್ ಫೈಲೂ ಅಲ್ಲೇ ಇದೆ. ನಾವು ಸೇರಿದಾಗ ಅಲ್ಲಿ ಒಬ್ಬ ಲಾಯರ್, ಒಬ್ಬ ಪ್ಯಾರಾಲೀಗಲ್ (ಫೈಲು ತಯಾರು ಮಾಡುವ ಲಾಯರ್ ಸಹಾಯಕರು) ಇದ್ದರು. ಈಗ ಐದು ಲಾಯರ್‌ಗಳು, ಹದಿನೈದರ ಹತ್ತಿರ ಪ್ಯಾರಾಲೀಗಲ್‌ಗಳು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. 2022ರಲ್ಲಿ ಕೇಳಿದ್ದರೆ ಎರಡು ಕೊಟ್ಟು, ಅದೂ ಜಾಸ್ತಿಯಾಯ್ತು ಅಂತಿದ್ದೆ. ಆಫೀಸಿನ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದಷ್ಟು ಬೈಗುಳವೂ ಇದೆ, ಮತ್ತು ಬೈಸಿಕೊಂಡಿದ್ದನ್ನು ಅವರು ಸರಿಮಾಡಿಕೊಂಡಿದ್ದಾರೆ.

ಮೊದಲ ವರ್ಷಗಳ ಬಗ್ಗೆ ಜನ ತುಂಬಾ ಹೊಗಳುತ್ತಾರೆ. ಫೋನ್ ಮಾಡಿದರೆ ಲಾಯರೇ ಎತ್ತುತ್ತಿದ್ದರು, ಮಕ್ಕಳ ಹೆಸರೂ ಗೊತ್ತಿತ್ತು ಅಂತ. ನಿಜ. ಆದರೆ ಮಾರ್ಚ್ ಬಂದರೆ ಅದೇ ಲಾಯರ್ ಮಾಯ. 2020ರಲ್ಲಿ ಆನ್‌ಲೈನ್ ನೋಂದಣಿ ಬರುವ ತನಕ ಹೊಸ ಎಚ್-1ಬಿಯ ಪೂರ್ತಿ ಅರ್ಜಿಯನ್ನೇ ಏಪ್ರಿಲ್ ಮೊದಲ ವಾರ ಯುಎಸ್‌ಸಿಐಎಸ್‌ಗೆ (ಅಮೆರಿಕದ ವಲಸೆ ಇಲಾಖೆ) ತಲುಪಿಸಬೇಕಿತ್ತು. ಯಾರಿಗೆ ಸೀಟು ಅನ್ನುವ ಲಾಟರಿ ಆಮೇಲೆ. ಹಾಗಾಗಿ ಲಾಟರಿ ಹೊಡೆಯದವರ ಅರ್ಜಿಗೂ ಅಷ್ಟೇ ಕೆಲಸ. ಆ ಆರು ವಾರ ನಮ್ಮ ಎಕ್ಸ್‌ಟೆನ್ಶನ್ ಫೈಲುಗಳನ್ನು ಮುಟ್ಟುವವರಿಲ್ಲ. ಯಾರ ಐ-94 (ಇಲ್ಲಿ ಇರಲು ಕೊಟ್ಟ ಅವಧಿಯ ದಾಖಲೆ) ಯಾವಾಗ ಮುಗಿಯುತ್ತದೆ ಅನ್ನುವುದೆಲ್ಲ ಆ ಒಬ್ಬ ಮನುಷ್ಯನ ತಲೆಯಲ್ಲಿ. ಅವರಿಗೆ ಜ್ವರ ಬಂದರೆ ನಮಗೆ ಚಳಿ.

ಈ ಆಫೀಸಿನ ಮೇಲೆ ನನಗೆ ಗೌರವ ಬಂದಿದ್ದು 2020ರ ಅಕ್ಟೋಬರ್‌ನಲ್ಲಿ. ಆ ತಿಂಗಳ ವೀಸಾ ಬುಲೆಟಿನ್ (ಸರದಿಯಲ್ಲಿ ಯಾವ ತಾರೀಖಿನವರೆಗಿನವರು ಗ್ರೀನ್ ಕಾರ್ಡ್ ಅರ್ಜಿ ಹಾಕಬಹುದು ಅಂತ ಸರ್ಕಾರ ತಿಂಗಳು ತಿಂಗಳು ಹೇಳುವ ಪಟ್ಟಿ) ಸೆಪ್ಟೆಂಬರ್ ಕೊನೆಯಲ್ಲಿ ಬಂತು. ನೌಕರಿ ಮೇಲಿನ ಗ್ರೀನ್ ಕಾರ್ಡಿಗೆ ಇಬಿ-2, ಇಬಿ-3 ಅಂತ ಬೇರೆ ಬೇರೆ ಸರದಿ; ಭಾರತದವರ ಇಬಿ-3 ಫೈಲಿಂಗ್ ತಾರೀಖು ಒಂದೇ ಏಟಿಗೆ 2015ರ ಜನವರಿ 1ಕ್ಕೆ ಹಾರಿತ್ತು. ಇಬಿ-2 ಇನ್ನೂ 2011ರ ಮೇ ಹತ್ತಿರವೇ ಒದ್ದಾಡುತ್ತಿತ್ತು. ಅಂದರೆ ಇಬಿ-2ರಲ್ಲಿ ವರ್ಷಗಟ್ಟಲೆ ಕಾದವರು ಹಳೇ ಪರ್ಮ್ ಮೇಲೆಯೇ ಇಬಿ-3ಗೆ ಹೊಸ ಐ-140 ಹಾಕಿ, ಜೊತೆಗೇ ಐ-485 (ಗ್ರೀನ್ ಕಾರ್ಡಿನ ಕೊನೇ ಹಂತದ ಅರ್ಜಿ) ಹಾಕಬಹುದಿತ್ತು. ಮುಂದಿನ ತಿಂಗಳೂ ಬಾಗಿಲು ತೆರೆದಿರುತ್ತೆ ಅಂತ ಯಾರೂ ಭರವಸೆ ಕೊಡುವಂತಿರಲಿಲ್ಲ. ನಮ್ಮ ಕಂಪನಿಯಲ್ಲೇ ಮೂರು ಕುಟುಂಬ. ಆಗ ಆಫೀಸಿನಲ್ಲಿ ಇಬ್ಬರು ಲಾಯರ್‌ಗಳು.

ಅವರು ಮೊದಲು ಮಾಡಿದ ಕೆಲಸ, ಯಾರ ಫೈಲು ಈ ತಿಂಗಳು ಹೋಗಲೇಬೇಕು ಅಂತ ಪ್ರಯಾರಿಟಿ ಡೇಟ್ (ಸರದಿಗೆ ಸೇರಿದ ತಾರೀಖು) ಪ್ರಕಾರ ಪಟ್ಟಿ ಮಾಡಿದ್ದು. ಎರಡನೆಯದು, ಆ ತಿಂಗಳು ಹೊಸ ಕ್ಲೈಂಟ್ ಬೇಡ ಅಂದಿದ್ದು. ಇದು ಚಿಕ್ಕ ಮಾತಲ್ಲ. ಆ ವಾರಗಳಲ್ಲಿ ಲಾಯರ್ ಸಿಗದೆ ಜನ ಕೇಳಿದಷ್ಟು ಫೀಸು ಕೊಡಲು ತಯಾರಿದ್ದರು.

ಮೂರನೆಯದು ನಮ್ಮ ಊರಿನವರಿಗೆ ಅರ್ಥವಾಗುತ್ತೆ. ಐ-485ಗೆ ಜನನ ಪ್ರಮಾಣ ಪತ್ರ ಬೇಕು. ನಮ್ಮ ವಯಸ್ಸಿನವರ ಪ್ರಮಾಣ ಪತ್ರದಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತೆ, ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ನೋಂದಣಿ ಮಾಡಿಸಿರುತ್ತಾರಲ್ಲ. ಕೆಲವರದ್ದು ನೋಂದಣಿಯೇ ಆಗಿಲ್ಲ. ಕೊರೋನಾ ಕಾಲ ಬೇರೆ. ಹಾಸನದಲ್ಲಿರುವ ಎಪ್ಪತ್ತು ದಾಟಿದ ತಂದೆಯನ್ನು ನಗರಸಭೆಗೆ ಓಡಿಸುವುದು ಹೇಗೆ? ಪ್ಯಾರಾಲೀಗಲ್ ಒಬ್ಬರು ಒಂದೇ ಪುಟದ ಸೂಚನೆ ಕಳಿಸಿದರು. ಹೆಸರು ಸೇರಿಸಲು ಆಗುತ್ತಾ ನೋಡಿ. ಇಲ್ಲವಾದರೆ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ತನ್ನಿ. ಜೊತೆಗೆ ನೀವು ಹುಟ್ಟಿದ್ದು ಸ್ವತಃ ಗೊತ್ತಿರುವ ಇಬ್ಬರಿಂದ ಅಫಿಡವಿಟ್. ಕೆಳಗೆ ಅಫಿಡವಿಟ್ ನಮೂನೆ. ದೊಡ್ಡಪ್ಪ ಬರೆದುಕೊಟ್ಟರೆ ತಾನು ಆಗ ಎಲ್ಲಿದ್ದೆ, ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಇರಲೇಬೇಕು ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದರು. ಮೆಡಿಕಲ್ ರಿಪೋರ್ಟ್‌ಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗದಿದ್ದರೆ ಅದಿಲ್ಲದೆಯೇ ಫೈಲ್ ಮಾಡೋಣ, ಆಮೇಲೆ ಕೇಳಿದಾಗ ಕೊಡೋಣ ಅಂದರು. ಮೂರೂ ಕುಟುಂಬದ ಫೈಲು ಆ ತಿಂಗಳೇ ಹೋಯಿತು. ಆ ಒಂದು ಪುಟದ ಸೂಚನೆಯನ್ನು ಅವರು ಈಗಲೂ ಬಳಸುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ವಿವರಿಸುವ ಬದಲು ಒಮ್ಮೆ ಸರಿಯಾಗಿ ಬರೆದಿಡುವ ಬುದ್ಧಿ ಆವತ್ತೇ ಇತ್ತು.

ಹೆಸರು ಬಂತು, ಕ್ಲೈಂಟ್‌ಗಳು ಬಂದರು, ಗ್ರಹಚಾರವೂ ಬಂತು.

2021, 2022ರಲ್ಲಿ ಆಫೀಸು ಒಮ್ಮೆಲೇ ಉಬ್ಬಿತು. ಹೊಸ ಜಾಗ, ಹೊಸ ಪೋರ್ಟಲ್, ಹೊಸ ಹೊಸ ಪ್ಯಾರಾಲೀಗಲ್‌ಗಳು. ನಮ್ಮ ಫೈಲು ನೋಡುವವರು ಒಂದೇ ವರ್ಷದಲ್ಲಿ ಮತ್ತೆ ಮತ್ತೆ ಬದಲಾದರು. ಬಂದವರೆಲ್ಲ ಮೊದಲು ಕೇಳುವುದು ಅದೇ ಪಾಸ್‌ಪೋರ್ಟ್ ಕಾಪಿ, ಅದೇ ಡಿಗ್ರಿ ಸರ್ಟಿಫಿಕೇಟ್. ಪೋರ್ಟಲ್‌ನಲ್ಲಿ ಇದೆಯಲ್ಲ ಅಂದರೆ "ಇನ್ನೊಂದ್ಸಲ ಕಳಿಸ್ತೀರಾ?"

ನಮ್ಮ ಹುಡುಗನೊಬ್ಬನ ಎಚ್-1ಬಿ ಎಕ್ಸ್‌ಟೆನ್ಶನ್ ಪೆಂಡಿಂಗ್ ಇತ್ತು. ಐ-94 ಮುಗಿದು, ಅರ್ಜಿ ಪೆಂಡಿಂಗ್ ಇರುವಾಗ 240 ದಿನದ ತನಕ ದುಡಿಯಬಹುದು ಅನ್ನುವ ನಿಯಮದ ಮೇಲೆ ಕೆಲಸ ಮಾಡುತ್ತಿದ್ದ. ಒಂದು ದಿನ ಸುಮ್ನೆ ರಸೀದಿ ನಂಬರ್ ಹಾಕಿ ಯುಎಸ್‌ಸಿಐಎಸ್ ವೆಬ್‌ಸೈಟ್ ನೋಡಿದೆ. ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೊಡಿ ಅನ್ನುವ ಕಾಗದ) ಕಳಿಸಿ ಐದು ವಾರದ ಮೇಲಾಗಿತ್ತು! ಆರ್‌ಎಫ್‌ಇಗೆ ಉತ್ತರಿಸಲು ಸಾಮಾನ್ಯವಾಗಿ ಹೆಚ್ಚೆಂದರೆ 84 ದಿನ. ಕಾಗದ ಹೋಗುವುದು ಲಾಯರ್ ಆಫೀಸಿಗೆ. ಅಲ್ಲಿ ಅದು ಕೆಲಸ ಬಿಟ್ಟುಹೋದ ಪ್ಯಾರಾಲೀಗಲ್‌ನ ಟ್ರೇಯಲ್ಲಿ ಕೂತಿತ್ತು. ಉತ್ತರ ಹೋಗದಿದ್ದರೆ ಅರ್ಜಿ ವಜಾ, ಹುಡುಗನ ಕೆಲಸ ಅವತ್ತೇ ನಿಲ್ಲಬೇಕು. ಉತ್ತರ ಕೊನೇ ವಾರದಲ್ಲಿ ಹೋಯಿತು, ಅಪ್ರೂವಲ್ ಬಂತು. ಆದರೆ ಆ ಹುಡುಗನ ಹೆಂಡತಿ ಆಗ ಬಸುರಿ. ಅವರಿಬ್ಬರೂ ಆ ತಿಂಗಳು ಹೇಗೆ ಕಳೆದರು ಅನ್ನುವುದಕ್ಕೆ ಯಾವ ಸ್ಟಾರ್ ಕಳೆಯಬೇಕೋ ಗೊತ್ತಿಲ್ಲ.

ನಾವು ಬಿಟ್ಟು ಹೋಗುವವರಿದ್ದೆವು. ಹಿರಿಯ ಲಾಯರ್ ನಮ್ಮ ಆಫೀಸಿಗೇ ಬಂದರು. ನೆಪ ಹೇಳಲಿಲ್ಲ. ಆರು ತಿಂಗಳು ಹೊಸ ಕಂಪನಿ ತೆಗೆದುಕೊಳ್ಳಲ್ಲ, ಒಬ್ಬ ಪ್ಯಾರಾಲೀಗಲ್‌ಗೆ ಇಷ್ಟೇ ಫೈಲು ಅಂತ ಮಿತಿ ಹಾಕುತ್ತೇವೆ, ಪ್ರತಿ ಫೈಲಿಗೂ ಇಬ್ಬರು ಇರುತ್ತಾರೆ, ಸರ್ಕಾರದಿಂದ ಬಂದ ಕಾಗದ ಬಂದ ದಿನವೇ ಸ್ಕ್ಯಾನ್ ಆಗಿ ನಿಮಗೂ ಬರುತ್ತೆ ಅಂದರು. ನಂಬಲಿಲ್ಲ. ಆದರೆ ನಾನೇ ಶಿಫಾರಸು ಮಾಡಿ ಕಳಿಸಿದ ಗೆಳತಿಯ ಕಂಪನಿಯನ್ನೂ ವಾಪಸ್ ಕಳಿಸಿದಾಗ ನಂಬಿಕೆ ಬಂತು.

ಆಗಿನಿಂದ ಪ್ರತಿ ಶುಕ್ರವಾರ ಒಂದು ಮೇಲ್ ಬರುತ್ತೆ. ಒಳಗೊಂದು ಟೇಬಲ್ ಅಷ್ಟೇ. ಹೆಸರು, ಯಾವ ಹಂತ, ಮುಂದಿನ ಕೊನೇ ತಾರೀಖು, ಕೊನೇ ಕಾಲಂನಲ್ಲಿ ಚೆಂಡು ಯಾರ ಅಂಗಳದಲ್ಲಿದೆ ಅನ್ನೋದು: ನಾವು, ನೌಕರ, ಲಾಯರ್, ಸರ್ಕಾರ. ಐ-94 ಮುಗಿಯಲು ಆರು ತಿಂಗಳಿದ್ದಾಗ ಸಾಲು ಹಳದಿ ಆಗುತ್ತೆ. ಯಾಕೆಂದರೆ ಎಕ್ಸ್‌ಟೆನ್ಶನ್ ಹಾಕಲು ಸಿಗುವ ಮೊದಲ ದಿನ ಅದು. ಪರ್ಮ್ ಇದ್ದರೆ ಇನ್ನೂ ಎರಡು ತಾರೀಖು: ಜಾಹೀರಾತು ಮುಗಿದು 30 ದಿನ ಆಗುವ ದಿನ, ಮತ್ತು ಮೊದಲ ಜಾಹೀರಾತಿನಿಂದ 180 ದಿನ ಮುಗಿಯುವ ದಿನ. ಈ ಎರಡರ ನಡುವೆ ಫೈಲ್ ಆಗದಿದ್ದರೆ ಭಾನುವಾರದ ಪೇಪರ್ ಜಾಹೀರಾತಿಗೆ ಮತ್ತೆ ದುಡ್ಡು ಸುರಿಯಬೇಕು. ಆ ದುಡ್ಡು ಕಂಪನಿಯದ್ದೇ. ಪರ್ಮ್ ಖರ್ಚನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ. ಈ ಟೇಬಲ್ ಬಂದ ಮೇಲೆ ನಾನು ಅವರಿಗೆ ಮಾಡುವ ಫೋನ್ ಅರ್ಧಕ್ಕರ್ಧ ಕಡಿಮೆಯಾಗಿದೆ. ಅವರಿಗೂ ಅಷ್ಟು ಹೊತ್ತು ಉಳಿದಿರಬೇಕು ಅಲ್ವಾ?

ದುಡ್ಡಿನ ವಿಷಯದಲ್ಲೂ ಇವರು ಬೇಡ ಅನ್ನುವುದನ್ನು ಕಲಿತವರು. 2023ರ ಮಾರ್ಚ್ ನೆನಪಿದೆಯಾ? ಎಚ್-1ಬಿ ನೋಂದಣಿಗೆ ಬರೀ 10 ಡಾಲರ್. ಸೀಟು 85,000, ಬಂದ ನೋಂದಣಿ 7,80,884. ಅದರಲ್ಲಿ 4,08,891 ಒಂದಕ್ಕಿಂತ ಹೆಚ್ಚು ಕಂಪನಿ ಮೂಲಕ ಹಾಕಿಸಿದವರದ್ದು. ನಮಗೆ ಪರಿಚಯದ ಒಬ್ಬರು ತಮ್ಮ ಮೂರು ಕಂಪನಿಗಳಿಂದ ಒಬ್ಬನನ್ನೇ ಹಾಕಿಸಲು ಇವರ ಹತ್ತಿರ ಹೋಗಿದ್ದರು. ಬಾಗಿಲು ತೋರಿಸಿದರಂತೆ. ಮರುವರ್ಷ ಯುಎಸ್‌ಸಿಐಎಸ್ ನಿಯಮ ಬದಲಿಸಿತು: ಎಷ್ಟು ಕಂಪನಿ ಹಾಕಿದರೂ ಲಾಟರಿಯಲ್ಲಿ ಒಬ್ಬರಿಗೆ ಒಂದೇ ಚೀಟಿ ಅಂತಾಯಿತು. 2025ರ ಮಾರ್ಚ್‌ನಲ್ಲಿ ನೋಂದಣಿ ಫೀಸು 215 ಡಾಲರ್ ಆಯಿತು, ಅರ್ಹ ನೋಂದಣಿ 3,43,981ಕ್ಕೆ ಇಳಿಯಿತು. ಲಾಟರಿ ಸಂಖ್ಯೆ ನೆಚ್ಚಿ ಕೆಲಸಕ್ಕೆ ಜನ ತೆಗೆದುಕೊಂಡಿದ್ದ ಬೇರೆ ಲಾಯರ್ ಆಫೀಸಿಗೆ ಕೆಲಸ ಎಲ್ಲಿಂದ ಬರಬೇಕು? ಇವರದ್ದು ಹೆಚ್ಚಿನ ಕೆಲಸ ವರ್ಷಪೂರ್ತಿ ಹರಿಯುವಂಥದ್ದು. ಎಕ್ಸ್‌ಟೆನ್ಶನ್, ಪರ್ಮ್, ಹಳೇ ಕ್ಲೈಂಟ್‌ಗಳ ಸಿಟಿಜನ್‌ಶಿಪ್. ಹಾಗಾಗಿ ನಮ್ಮ ಪ್ಯಾರಾಲೀಗಲ್ ಈಗ ಮೂರು ವರ್ಷದಿಂದ ಬದಲಾಗಿಲ್ಲ.

ಈಗಿನ ಆಫೀಸಿಗೆ ದೊಡ್ಡ ಪರೀಕ್ಷೆ 2025ರ ಸೆಪ್ಟೆಂಬರ್ 19. ಶುಕ್ರವಾರ ಸಂಜೆ ಟ್ರಂಪ್ ಘೋಷಣೆ: ಎಚ್-1ಬಿಗೆ ಒಂದು ಲಕ್ಷ ಡಾಲರ್, ಶನಿವಾರ ರಾತ್ರಿ ಕಳೆದು ಭಾನುವಾರ ಶುರುವಾಗುವ 12:01ರಿಂದ ಜಾರಿ. ದೇಶದ ಹೊರಗಿದ್ದವರು ಕಂಗಾಲು. ನಮ್ಮ ಹುಡುಗನೊಬ್ಬ ಮಹಾಲಯ ಅಮಾವಾಸ್ಯೆಗೆ ಅಂತ ಶಿವಮೊಗ್ಗಕ್ಕೆ ಹೋಗಿದ್ದ. ಅಮಾವಾಸ್ಯೆ ಭಾನುವಾರ, ಅಪ್ಪನ ಎಡೆ ಇಡಬೇಕು. ಅವನು ಬೆಂಗಳೂರಿಗೆ ಕಾರ್ ಗೊತ್ತು ಮಾಡಿ ಕೂತಿದ್ದ.

ಅವತ್ತು ರಾತ್ರಿಯೇ ಆಫೀಸಿನಿಂದ ಎಲ್ಲ ಕ್ಲೈಂಟ್‌ಗಳಿಗೂ ಮೇಲ್ ಬಂತು. ಚಿಕ್ಕದು. ಇಲ್ಲಿರುವವರು ದೇಶ ಬಿಡಬೇಡಿ. ಹೊರಗಿದ್ದು ಶನಿವಾರ ಮಧ್ಯರಾತ್ರಿಯೊಳಗೆ ಇಳಿಯಲು ಸಾಧ್ಯವಿರುವವರು ಬನ್ನಿ. ಸಾಧ್ಯವಿಲ್ಲದವರು ದುಬಾರಿ ಟಿಕೆಟ್ ತೆಗೆಯಬೇಡಿ, ಘೋಷಣೆಯ ಮಾತು ಅಸ್ಪಷ್ಟವಾಗಿದೆ, ನಾಳೆ ಬರೆಯುತ್ತೇವೆ. ಶನಿವಾರ ಯುಎಸ್‌ಸಿಐಎಸ್ ಮೆಮೊ ಬಂತು: ಇದು ಸೆಪ್ಟೆಂಬರ್ 21ರ ನಂತರ ಹಾಕುವ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ. ಅದರ ಬೆನ್ನಿಗೇ ಎರಡನೇ ಮೇಲ್, ಜೊತೆಗೆ ಮೆಮೊದ ಕಾಪಿ, ಏರ್‌ಪೋರ್ಟಲ್ಲಿ ತೋರಿಸಲು. ಹುಡುಗ ಕಾರ್ ಬೇಡ ಅಂದು ಎಡೆ ಇಟ್ಟು, ಮುಂಚೆ ಮಾಡಿದ್ದ ಟಿಕೆಟ್‌ನಲ್ಲೇ ಬಂದ. ಒಬ್ಬರೇ ಲಾಯರ್ ಇದ್ದ ಕಾಲದಲ್ಲಿ ಆ ರಾತ್ರಿ ಅವರ ಫೋನ್ ಎಂಗೇಜ್ ಇರುತ್ತಿತ್ತು, ಅಷ್ಟೇ. 2022ರ ಆಫೀಸಾಗಿದ್ದರೆ ಸೋಮವಾರ ಒಂದು ನ್ಯೂಸ್‌ಲೆಟರ್ ಬರುತ್ತಿತ್ತು.

ಫೀಸು ಈಗ ಒಂಟಿ ಲಾಯರ್‌ಗಳಿಗಿಂತ ಜಾಸ್ತಿ, ಮ್ಯಾನ್‌ಹ್ಯಾಟನ್‌ನ ದೊಡ್ಡ ಫರ್ಮ್‌ಗಳಿಗಿಂತ ಕಡಿಮೆ. ಗಂಟೆ ಲೆಕ್ಕ ಇಲ್ಲ, ಕೇಸಿಗೆ ಇಷ್ಟು ಅಂತ. ಒಳ್ಳೆಯ ಗುಣ ಒಂದಿದೆ: ಸುಮ್ಮನೆ ಪ್ರೀಮಿಯಂ (ಬೇಗ ತೀರ್ಮಾನ ಬೇಕು ಅಂತ ಸರ್ಕಾರಕ್ಕೆ ಕಟ್ಟುವ ಹೆಚ್ಚುವರಿ ಫೀಸು) ಹಾಕಿಸಲ್ಲ. 2024ರ ಫೆಬ್ರವರಿಯಲ್ಲಿ ಅದು 2,805 ಡಾಲರ್ ಆಯಿತು. ಐ-140ಗೆ ಅವಸರವೇನೂ ಇಲ್ಲದಿದ್ದರೆ ಬೇಡ ಅಂತಾರೆ. 25 ಜನರ ಒಳಗಿನ ಕಂಪನಿಗೆ 2024ರ ಏಪ್ರಿಲ್‌ನಿಂದ ಐ-129 (ಎಚ್-1ಬಿ ಅರ್ಜಿಯ ಫಾರ್ಮ್) ಫೀಸು 780 ಅಲ್ಲ, 460 ಅನ್ನುವುದನ್ನು ನಾನು ಕೇಳುವ ಮುಂಚೆ ಅವರೇ ಹೇಳಿದರು. ಅಸೈಲಂ (ಆಶ್ರಯ ಕೇಳುವುದು), ಡಿಪೋರ್ಟೇಶನ್ (ದೇಶದಿಂದ ಹೊರಹಾಕುವುದು) ಕೇಸುಗಳನ್ನು ಮುಟ್ಟಲ್ಲ, ಆ ಕೆಲಸದವರ ಹತ್ತಿರ ಕಳಿಸುತ್ತಾರೆ. ಅಂಥ ಕೇಸು ಇದ್ದವರು ಇಲ್ಲಿಗೆ ಬಂದು ಟೈಮ್ ಹಾಳು ಮಾಡಿಕೊಳ್ಳಬೇಡಿ.

ಕಳೆದ ಆ ಒಂದು ಸ್ಟಾರ್ ಪೋರ್ಟಲ್‌ಗೆ. ಅದರಲ್ಲಿ ಸರ್‌ನೇಮ್ ತುಂಬದೆ ಮುಂದಿನ ಪುಟಕ್ಕೆ ಹೋಗಕ್ಕಾಗಲ್ಲ. ನಮ್ಮವರಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಬರೀ ಹೆಸರು. ಒಬ್ಬರು ಅಪ್ಪನ ಹೆಸರು ತುಂಬುತ್ತಾರೆ, ಇನ್ನೊಬ್ಬರು ಊರಿನ ಹೆಸರು, ಮತ್ತೊಬ್ಬರು ಚುಕ್ಕಿ. ಆಮೇಲೆ ಪ್ಯಾರಾಲೀಗಲ್ ಪಾಸ್‌ಪೋರ್ಟ್ ನೋಡಿ ಕೈಯಿಂದ ತಿದ್ದುತ್ತಾರೆ. ಎಷ್ಟು ಸಲ ಹೇಳಿದರೂ "ಸಾಫ್ಟ್‌ವೇರ್ ಕಂಪನಿಗೆ ಹೇಳಿದ್ದೀವಿ ಮೇಡಂ" ಅನ್ನುವುದೇ ಉತ್ತರ.